ಕಾವಲಿಯ ಮಸಿ, ಹೀರೋನ ಪೌಡರು

ಸೌದಿಯ ಅಬ್ಕೈಕಿನಲ್ಲಿದ್ದ ನಮ್ಮ ಕಾರ್ಮಿಕರ ಕ್ಯಾಂಪಿನಲ್ಲಿ ಈದ್ ರಜೆಗೆ ನಾಟಕ ಆಡುವುದೆಂದು ತೀರ್ಮಾನವಾದಾಗ ಬರೆಯುವ ಕೆಲಸ ನನ್ನ ತಲೆಗೆ ಬಂತು. ಅಲ್ಲಿಯವರೆಗೆ ನಾನು ಬರೆದದ್ದೆಂದರೆ ಮನೆಗೆ ಕಾಗದ ಮಾತ್ರ. ಆದರೆ ಮಂಗಳೂರಿನ ಟಾಕೀಸುಗಳಲ್ಲಿ ಸಿನಿಮಾ ನೋಡಿದ್ದಕ್ಕೆ ಲೆಕ್ಕವಿರಲಿಲ್ಲ. ಆ ಸಿನಿಮಾಗಳಲ್ಲಿ ಆಫ್ರಿಕಾದವ ಅಂದರೆ ಮೈಗೆ ಮಸಿ ಬಳಿದುಕೊಂಡು, ಸೊಂಟಕ್ಕೆ ಸೊಪ್ಪು ಕಟ್ಟಿಕೊಂಡು, ಭರ್ಜಿ ಹಿಡಿದು ಬೆಂಕಿಯ ಸುತ್ತ ಕುಣಿಯುವವ. ನಾನೂ ಅದನ್ನೇ ಬರೆದೆ. ವಜ್ರ ಹುಡುಕಿಕೊಂಡು ಹೋದ ಹೀರೋನನ್ನು ಕಾಡುಮನುಷ್ಯರು ಕಂಬಕ್ಕೆ ಕಟ್ಟಿ, ಹಂಡೆಯಲ್ಲಿ ಬೇಯಿಸಲು ಹೊರಡುತ್ತಾರೆ. ಅವರ ಮುಖಂಡನ ಪಾತ್ರವನ್ನು ನನಗೇ ಇಟ್ಟುಕೊಂಡೆ. ಅವನಿಗಿದ್ದ ಮಾತು ಒಂದೇ: ‘ಹೂಂಬ ಹೂಂಬ’.

ಇಷ್ಟೆಲ್ಲ ಬರೆಯುವಾಗ, ಆ ಕ್ಯಾಂಪಿನಲ್ಲಿ ನನಗಿದ್ದ ಒಬ್ಬನೇ ಆಪ್ತ ಸುಡಾನಿನವ ಎಂಬುದು ಹೊಳೆಯಲೇ ಇಲ್ಲ. ನನ್ನ ಬುದ್ಧಿಗೆ ಏನು ಹೇಳಲಿ. ಅವನು ನಮ್ಮ ಸ್ಟೋರ್‌ಕೀಪರ್. ನಾವು ಬಂದಿಳಿದ ದಿನ ಉದ್ದಕ್ಕೆ ಸಾಲು ನಿಂತಿದ್ದೆವು. ಅಷ್ಟು ಜನರನ್ನು ಬಿಟ್ಟು ಅವನು ನೇರ ನನ್ನ ಹತ್ತಿರ ಬಂದು, ಕೈ ಹಿಡಿದು, ಅರಬಿಯಲ್ಲಿ ಐದು ನಿಮಿಷ ಏನೇನೋ ವಿಚಾರಿಸಿದ. ನಮಾಜಿನಾಚೆ ಅರಬಿ ಗೊತ್ತಿಲ್ಲದ ನಾನು ತಲೆಯಾಡಿಸುತ್ತಾ ಹೋದೆ. ನನ್ನನ್ನೇ ಯಾಕೆ ಆರಿಸಿಕೊಂಡ ಎಂದು ಕೇಳಲು ಮರೆತೆ. ಆಮೇಲೆ ಗೊತ್ತಾಯಿತು, ಅವನಿಗೆ ಹಿಂದಿ ಬರುತ್ತದೆ, ಅದೂ ಅವನೂರಿನ ಟಾಕೀಸಿನಲ್ಲಿ ಕಲಿತ ಹಿಂದಿ. ನನಗೆ ಕಾಮಾಲೆಯಾದಾಗ ರೂಮಿನವರೇ ದೂರ ನಿಂತರು, ಇವನು ದಿನವೂ ಗಂಜಿ ತಂದುಕೊಟ್ಟ. ಅವನ ಮುನಿಸನ್ನು ತಡೆದುಕೊಳ್ಳುವ ಶಕ್ತಿ ನನಗೆ ಇರಲಿಲ್ಲ.

ನಾಟಕದ ಸಂಜೆ ಮೆಸ್ಸಿನ ಅಡುಗೆಮನೆಯಲ್ಲಿ ನಮ್ಮ ಮೇಕಪ್. ಅಡುಗೆಯವ ಕಾವಲಿಯ ತಳದಿಂದ ಮಸಿ ಕೆರೆದು ತೆಂಗಿನೆಣ್ಣೆಯಲ್ಲಿ ಕಲಸಿ ನನ್ನ ಮುಖಕ್ಕೆ ಬಳಿಯುತ್ತಿದ್ದ.

“ನಿನಗೆ ಜಾಸ್ತಿ ಎಂತ ಬೇಡ ಮಾರಾಯ, ಮುಕ್ಕಾಲು ಕೆಲಸ ಹುಟ್ಟಿಸಿದವನೇ ಮಾಡಿಟ್ಟಿದ್ದಾನೆ” ಎಂದ.

ಪಕ್ಕದಲ್ಲಿ ನಮ್ಮ ಹೀರೋ, ಭಟ್ಕಳದ ಎಲೆಕ್ಟ್ರಿಷಿಯನ್, ಪೌಡರಿನ ಡಬ್ಬಿಯನ್ನು ತಲೆಕೆಳಗಾಗಿ ಬಡಿಯುತ್ತಿದ್ದ. ಬಣ್ಣದಲ್ಲಿ ಅವನಿಗೂ ನನಗೂ ಏನೂ ವ್ಯತ್ಯಾಸವಿರಲಿಲ್ಲ. ಆದರೆ ಹೀರೋ ಬೆಳ್ಳಗಿರಬೇಕಲ್ಲ.

ಅಷ್ಟರಲ್ಲಿ ಸಕ್ಕರೆ ಮೂಟೆ ಹೊತ್ತು ಹಿಂಬಾಗಿಲಿನಿಂದ ಸುಡಾನಿನವ ಬಂದ. ಹಿಂದಿನ ವಾರವಷ್ಟೇ ಪಕ್ಕದ ಕ್ಯಾಂಪಿನಲ್ಲಿ ಗ್ಯಾಸ್ ಒಲೆ ಸಿಡಿದು ಒಬ್ಬನ ಮುಖ ಸುಟ್ಟಿತ್ತು. ಇವನು ನನ್ನನ್ನು ನೋಡಿದ್ದೇ ಮೂಟೆ ಕೆಳಗೆ ಬಿಸಾಡಿ, ನನ್ನನ್ನು ಎತ್ತಿಕೊಂಡೇ ಓಡಿದ. ಪಿಕಪ್ಪಿನಲ್ಲಿ ಕೂರಿಸಿ, ಚೌಕಟ್ಟೇ ಕಳಚುವ ಹಾಗೆ ಕ್ಲಿನಿಕ್ಕಿಗೆ ಓಡಿಸಿದ.

“ನನಗೆ ಎಂತದೂ ಆಗಲಿಲ್ಲ” ಎಂದೆ.

“ಬಾಯಿ ಅಲ್ಲಾಡಿಸಬೇಡ, ಚರ್ಮ ಬಿರಿಯುತ್ತದೆ” ಎಂದ. ಅವನ ಕಣ್ಣಲ್ಲಿ ನೀರಿತ್ತು. ಇದು ನಿನ್ನ ವೇಷ ಎಂದು ಹೇಳುವುದಾದರೂ ಹೇಗೆ? ಆ ಹೊತ್ತಿಗೆ ನಿಜವಾಗಿಯೂ ಒಲೆ ಸಿಡಿದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕ್ಲಿನಿಕ್ಕಿನ ಮಲಯಾಳಿ ಕಂಪೌಂಡರ್ ಹತ್ತಿಯಿಂದ ನನ್ನ ಅರ್ಧ ಮುಖ ಒರೆಸಿ, ಹತ್ತಿಯನ್ನು ಮೂಸಿ ನೋಡಿದ.

“ಇದು ಸುಟ್ಟದ್ದಲ್ಲ. ಕಾವಲಿ ಮಸಿ, ತೆಂಗಿನೆಣ್ಣೆ” ಎಂದು ಹತ್ತಿಯನ್ನು ಬುಟ್ಟಿಗೆ ಹಾಕಿದ.

ಸುಡಾನಿನವ ನನ್ನ ಗಲ್ಲ ಹಿಡಿದು ದೀಪದ ಕೆಳಗೆ ಆಚೀಚೆ ತಿರುಗಿಸಿದ. “ಯಾವ ಕಡೆ ಒರೆಸಿದ್ದು?” ಎಂದು ಕೇಳಿದ.

ವಾಪಸು ಬರುವಾಗ ಎಲ್ಲ ಹೇಳಿಬಿಟ್ಟೆ. ಅವನು ರಸ್ತೆ ನೋಡಿಕೊಂಡೇ ಕೇಳಿದ.

“ನಾಟಕದ ಆ ಮನುಷ್ಯನ ಊರು ಯಾವುದು?”

“ಆಫ್ರಿಕಾ.”

“ಆಫ್ರಿಕಾದಲ್ಲಿ ಎಲ್ಲಿ?”

“ಬರೆಯಲಿಲ್ಲ.”

“ಏನು ಮಾತಾಡುತ್ತಾನೆ?”

“ಹೂಂಬ ಹೂಂಬ.”

“ಅದು ಯಾರ ಭಾಷೆ?”

“ನಾನೇ ಮಾಡಿದ್ದು” ಎಂದೆ. ಅವನು ಗೇರ್ ಬದಲಿಸಿದ. ಈ ಗೆಳೆತನ ಇಲ್ಲಿಗೆ ಮುಗಿಯಿತು ಎಂದು ನನಗೆ ಭಯ. ಆದರೆ ಅವನು ತನ್ನ ರೂಮಿಗೆ ಹೋಗಲಿಲ್ಲ. ಮೆಸ್ಸಿಗೇ ಬಂದು, ಎದುರು ಸಾಲಿನಲ್ಲಿ ಕೈಕಟ್ಟಿ ಕುಳಿತ.

ಅರ್ಧ ಮಸಿಯ ಮುಖದಲ್ಲೇ ಸ್ಟೇಜಿಗೆ ಹೋದೆ. ಕಂಬದಲ್ಲಿ ಹೀರೋ, ಪಕ್ಕದಲ್ಲಿ ಬಿರಿಯಾನಿ ಹಂಡೆ, ಎದುರಿಗೆ ಅವನು. ಹೂಂಬ ಎನ್ನಲು ಬಾಯಿ ತೆರೆದೆ. ಬಾಯಿಗೆ ಬಂದದ್ದು ಅವನು ದಿನಾ ಬೆಳಿಗ್ಗೆ ನನ್ನನ್ನು ವಿಚಾರಿಸುವ ಮಾತುಗಳು. ಅವರ ಕಡೆಯಲ್ಲಿ ಎದುರಾದವನ ಕುಶಲವನ್ನೆಲ್ಲ ಕೇಳಿ ಮುಗಿಸದೆ ಬೇರೆ ಮಾತಿಲ್ಲ.

“ಹೇಗಿದ್ದಿ? ನಿದ್ರೆ ಬಂತಾ? ಅಮ್ಮ ಹೇಗಿದ್ದಾರೆ? ತಮ್ಮಂದಿರು? ಊರಿಂದ ಕಾಗದ ಬಂತಾ?”

ಹೀರೋ ಕಕ್ಕಾಬಿಕ್ಕಿ. ಇದು ಯಾವುದೂ ಪ್ರಾಕ್ಟೀಸಿನಲ್ಲಿ ಇರಲಿಲ್ಲ. “ಅಮ್ಮನಿಗೆ ಮಂಡಿನೋವು ಮಾರಾಯ, ಬಾಕಿ ಎಲ್ಲ ಅಡ್ಡಿಲ್ಲ” ಎಂದ. ಮೆಸ್ಸು ನಗೆಯಲ್ಲಿ ಬಿದ್ದುಹೋಯಿತು. ಮಂಡಿನೋವಿನ ತಾಯಿಯ ಮಗನನ್ನು ಬೇಯಿಸುವುದು ಹೇಗೆ? ಹಗ್ಗ ಬಿಚ್ಚಿದೆ. ಉಳಿದ ಕಾಡುಮನುಷ್ಯರೂ ಭರ್ಜಿ ಬದಿಗಿಟ್ಟು ಕುಶಲ ಕೇಳತೊಡಗಿದರು. ಅಡುಗೆಯವ ಹಂಡೆಗೆ ಚಾ ತಂದು ಸುರಿದ. ವಜ್ರದ ವಿಷಯ ಯಾರಿಗೂ ನೆನಪಾಗಲಿಲ್ಲ.

ನಾಟಕ ಮುಗಿದ ಮೇಲೆ ನಾನು ಮತ್ತು ಹೀರೋ ಹಿಂದಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದೆವು. ಸುಡಾನಿನವ ಬಂದು ಗೋಡೆಗೆ ಒರಗಿ ನಿಂತ.

“ಶಾಲೆಯಲ್ಲಿ ನಾವೂ ನಾಟಕ ಆಡಿದ್ದೆವು, ಹಿಂದುಸ್ತಾನದ್ದು” ಎಂದ. “ನಾನು ಹೀರೋ. ಹಿಂದುಸ್ತಾನಿಯ ಹಾಗೆ ಕಾಣಬೇಕಲ್ಲ ಎಂದು ಮುಖಕ್ಕೆ ಮೈದಾ ಬಳಿದುಕೊಂಡೆ. ಬೆವರಿಗೆ ಅಂಟಾಗಿ ಮರುದಿನದವರೆಗೂ ಬಿಡಲಿಲ್ಲ.”

ಭಟ್ಕಳದವ ಪೌಡರು ತೊಳೆಯುವುದನ್ನು ನಿಲ್ಲಿಸಿದ. ನಲ್ಲಿಯ ಕೆಳಗೆ ಬಿಳಿ ನೀರೂ ಕರಿ ನೀರೂ ಒಂದೇ ತೂಬಿಗೆ ಹೋಗುತ್ತಿತ್ತು.

“ಅದಕ್ಕೇ, ನೀವು ಬಂದ ದಿನ ಸಾಲಿನಲ್ಲಿ ಹಿಂದುಸ್ತಾನಿಗಳು ಎಲ್ಲಿ ಎಂದು ಹುಡುಕಿದೆ. ಒಬ್ಬನೂ ಸಿನಿಮಾದವರ ಹಾಗೆ ಇರಲಿಲ್ಲ” ಎಂದು ಅವನು ನನ್ನ ಕಡೆ ತಿರುಗಿದ. “ನಿನ್ನನ್ನು ನೋಡಿ ನಮ್ಮೂರಿನವನೇ ಅಂದುಕೊಂಡೆ. ಸಂತೋಷವಾಯಿತು, ಬಂದು ಕೈ ಹಿಡಿದೆ.”

ಟವೆಲನ್ನು ಅವನೇ ನನ್ನ ಕೈಗೆ ಕೊಟ್ಟ.