ಗಂಗೆಯ ಕೆಸರಿನಲ್ಲಿ ಚಂದ್ರಕಾಳಿ ಸೀರೆ

ಇಳಕಲ್‌ನಲ್ಲಿ ಸೀರೆ ಅಂಗಡಿ ಇಟ್ಟುಕೊಂಡವನಿಗೆ ಹಕ್ಕಿಗಳ ಹುಚ್ಚು ಹಿಡಿಯಬೇಕಾದ ಕಾರಣವೇನೂ ಇರಲಿಲ್ಲ. ಐವತ್ತು ದಾಟಿದ ಮೇಲೆ ಬಾಗಲಕೋಟೆಯ ಗೆಳೆಯನೊಬ್ಬ ಚಳಿಗಾಲದ ಒಂದು ಮುಂಜಾನೆ ನನ್ನನ್ನು ಅಲ್ಲಿಯ ಹಿನ್ನೀರಿಗೆ ಕರೆದುಕೊಂಡು ಹೋದ. ಗುಲಾಬಿ ರೆಕ್ಕೆಯ ರಾಜಹಂಸಗಳ ಹಿಂಡು ಒಮ್ಮೆಲೇ ಮೇಲೆದ್ದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಈ ಬಣ್ಣ ನಮ್ಮ ಅಂಗಡ್ಯಾಗ ಇಲ್ಲಲ್ಲೋ." ಗೆಳೆಯ ಹಣೆ ಬಡಿದುಕೊಂಡ.

ಅಂದಿನಿಂದ ನಾನು ಪಕ್ಷಿವೀಕ್ಷಕನಾದೆ. ದುರ್ಬೀನು ಬಂತು, ಮಣ್ಣಿನ ಬಣ್ಣದ ಟೋಪಿ ಬಂತು, ಮೈತುಂಬ ಕಿಸೆಗಳಿರುವ ಜಾಕೀಟು ಬಂತು. ಅಷ್ಟೊಂದು ಕಿಸೆಗಳಲ್ಲಿ ಏನಿಡಬೇಕೆಂದು ತಿಳಿಯದೆ ಒಂದರಲ್ಲಿ ಅಡಿಕೆ, ಇನ್ನೊಂದರಲ್ಲಿ ಬಿಪಿ ಗುಳಿಗೆ ಇಟ್ಟೆ. ಗಿರಾಕಿಗಳ ಮುಂದೆ ಸೀರೆ ಬಿಚ್ಚುವಾಗಲೂ ಹೊರಗಿನ ತಂತಿಯ ಮೇಲೆ ಕೂತ ಹಕ್ಕಿಯ ಹೆಸರು ಹೇಳುತ್ತಿದ್ದೆ. ಅರ್ಧಕ್ಕರ್ಧ ತಪ್ಪಿರುತ್ತಿತ್ತು. ತಪ್ಪೆಂದು ಹೇಳುವವರು ಯಾರೂ ಇಲ್ಲದ್ದರಿಂದ ನಮ್ಮ ಓಣಿಗೆ ನಾನೇ ಪಂಡಿತ.

ಈ ಹುರುಪಿನಲ್ಲಿಯೇ, ಗಂಗೆ ನೂರಾರು ಕವಲಾಗಿ ಒಡೆದು ಸಮುದ್ರ ಸೇರುವ ಸುಂದರಬನಕ್ಕೆ ಹೋಗಿ ಅಲ್ಲಿಯ ಕಂದು ರೆಕ್ಕೆಯ ಮಿಂಚುಳ್ಳಿಯನ್ನು ನೋಡಿಯೇ ಬರುವುದೆಂದು ತೀರ್ಮಾನಿಸಿದೆ. ಹೆಂಡತಿಯನ್ನು ಕರೆದೆ.

"ಅಲ್ಲಿ ಹುಲಿ ನೀರಾಗ ಈಸ್ತಾವಂತ. ನಾ ಒಲ್ಲೆ. ನೀವು ಹೋಗಿ ಬರ್ರಿ," ಎಂದಳು. ಕಳಿಸಿಕೊಡುವ ಉತ್ಸಾಹ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು ಅನಿಸಿತು.

ಬಾದಾಮಿಯಲ್ಲಿರುವ ನನ್ನ ಅಕ್ಕನಿಗೆ ಸುದ್ದಿ ಮುಟ್ಟಿತು. ಆಕೆ ನರ್ಸಾಗಿ ದುಡಿದು ನಿವೃತ್ತಳಾದವಳು. ಇಡೀ ವಾರ್ಡನ್ನು ಒಂದೇ ದನಿಯಲ್ಲಿ ಸುಮ್ಮನಾಗಿಸುತ್ತಿದ್ದವಳು. ಫೋನ್ ಮಾಡಿ, "ನಾ ಬರ್ತೇನಿ," ಎಂದಳು.

"ಅಕ್ಕಾ, ಅದು ತೀರ್ಥಯಾತ್ರಾ ಅಲ್ಲ."

"ಗಂಗಿ ಅಲ್ಲಿ ಅದಾಳೋ ಇಲ್ಲೋ?"

"ಅದಾಳ."

"ಮತ್ತ? ನೀ ಹಕ್ಕಿ ನೋಡು, ನಾ ಆಕೀನ್ನ ನೋಡ್ತೇನಿ."

ಹೀಗೆ ಇಬ್ಬರೂ ರೈಲಿನಲ್ಲಿ ಕಲ್ಕತ್ತೆ ಮುಟ್ಟಿ, ಅಲ್ಲಿಂದ ಕಾರಿನಲ್ಲಿ ಹೋಗಿ, ಹೋಟೆಲಿನಲ್ಲಿ ಗಂಟುಮೂಟೆ ಇಟ್ಟು, ಕೊನೆಗೆ ಒಂದು ದೋಣಿ ಹತ್ತಿದೆವು. ದೋಣಿಯಲ್ಲಿ ನಮ್ಮ ಜೊತೆ ಕಲ್ಕತ್ತೆಯ ಗಂಡಹೆಂಡತಿ, ಒಬ್ಬ ಗೈಡು, ದೋಣಿ ನಡೆಸುವವರು ಇಬ್ಬರು. ನನ್ನ ವೇಷ ನೋಡಿದ ಆ ಹೆಣ್ಣುಮಗಳು, ನೀವು ವಿಜ್ಞಾನಿಯೇ ಎಂದು ಹಿಂದಿಯಲ್ಲಿ ಕೇಳಿದರು. ನಾನು ಹೌದೆನ್ನಲಿಲ್ಲ. ಅಲ್ಲವೆನ್ನುವಷ್ಟರಲ್ಲಿ ಮಾತು ಮುಂದೆ ಹೋಗಿಬಿಟ್ಟಿತ್ತು.

"ಏನ ಕೇಳಿದ್ಲು?" ಅಂದಳು ಅಕ್ಕ.

"ಏನಿಲ್ಲ. ಆರಾಮ ಅದೀರೇನು ಅಂದ್ರು."

ವಿಜ್ಞಾನಿ ಎಂದ ಮೇಲೆ ಸುಮ್ಮನೆ ಕೂಡುವುದು ಹೇಗೆ? ದುರ್ಬೀನು ಕಣ್ಣಿಗೊತ್ತಿಕೊಂಡು ದಂಡೆಯನ್ನು ಶೋಧಿಸತೊಡಗಿದೆ. ಸ್ವಲ್ಪ ಹೊತ್ತಿನಲ್ಲಿಯೇ ಪೊದೆಯೊಳಗೆ ಹಳದಿ ಪಟ್ಟೆಗಳು ಕಂಡವು. "ಬಾಘ್! ಬಾಘ್!" ಎಂದು ಕೂಗಿದೆ. ಎಲ್ಲರೂ ನನ್ನ ಕಡೆ ನುಗ್ಗಿದರು. ದೋಣಿ ವಾಲಿತು. ಕ್ಯಾಮೆರಾಗಳು ಎದ್ದವು. ಅಷ್ಟರಲ್ಲಿ ಗಾಳಿ ಬೀಸಿ ಹುಲಿ ಮೇಲಿಂದ ಕೆಳಗೆ ತೂಗಾಡಿತು. ಒಣಗಿದ ಈಚಲ ಗರಿ! ಗೈಡು ಬಹಳ ಸಭ್ಯ ಮನುಷ್ಯ. "ಆಗುತ್ತೆ, ಆಗುತ್ತೆ," ಎಂದು ನನಗೆ ಚಹ ಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ಸಮುದ್ರ ಇಳಿಯತೊಡಗಿತು. ಕಾಲುವೆಯ ನೀರು ನೋಡನೋಡುತ್ತಲೇ ಸರಿದುಹೋಗಿ ನಮ್ಮ ದೋಣಿ ಕೆಸರಿನ ದಿಬ್ಬದ ಮೇಲೆ ಕೂತುಬಿಟ್ಟಿತು. ಉಬ್ಬರ ಬಂದ ಮೇಲೆಯೇ ಮುಂದಿನ ದಾರಿ, ಯಾರೂ ಕೆಳಗೆ ಇಳಿಯಬೇಡಿ ಎಂದ ಗೈಡು. ಅಕ್ಕ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಎಲ್ಲರಿಗೂ ಹಂಚಿದಳು. ರೊಟ್ಟಿ ಮುರಿಯುವ ಸದ್ದಿಗೆ ದಂಡೆಯ ಬೆಳ್ಳಕ್ಕಿಗಳು ಹಾರಿಹೋದವು ಎಂದು ನಾನು ಗೊಣಗಿದೆ.

"ನಿನ್ನ ಬಾಘ್‌ಗಿಂತ ಸಣ್ಣ ಸಪ್ಪಳ ಬಿಡು," ಎಂದಳು.

ಆಗಲೇ ಕೆಸರಿನ ಮೇಲೆ ಒಂದು ಮೀನು ತೆವಳುವುದು ಕಂಡಿತು. ನೀರಿಲ್ಲದೆ ನಡೆಯುವ ಮೀನು! ಅದರ ಫೋಟೋ ಹಿಡಿಯಲು ದೋಣಿಯ ಅಂಚಿಗೆ ಬಗ್ಗಿದೆ, ಇನ್ನಷ್ಟು ಬಗ್ಗಿದೆ. ನಾನು ಕೆಳಗೆ ಇಳಿಯಲಿಲ್ಲ, ಅದನ್ನು ಸ್ಪಷ್ಟಪಡಿಸಬೇಕು. ಬಿದ್ದೆ. ಸೊಂಟದವರೆಗೆ ಕೆಸರು. ಕಾಲು ಎಳೆದಷ್ಟೂ ಇನ್ನೂ ಕೆಳಗೆ. ಗೈಡು ನನ್ನತ್ತ ನೋಡುವುದನ್ನು ಬಿಟ್ಟು ಎದುರಿನ ಕಾಡನ್ನೇ ನೋಡುತ್ತಿದ್ದ. ಹುಲಿಗಾಗಿ ಎಂದು ಹೊಳೆದದ್ದೇ ಕೂಗಿಕೊಂಡೆ.

"ಅಕ್ಕಾ, ಕಾಲು ಬರವಲ್ವು!"

"ಹೊಯ್ಕೋಬ್ಯಾಡ. ಅಲ್ಲಾಡಬ್ಯಾಡ. ಉಸಿರು ತಗೋ."

ದೋಣಿಯವರು ಹಗ್ಗ ಎಸೆದರು. ಕೆಸರಾದ ಕೈಯಿಂದ ಅದು ಜಾರಿ ಜಾರಿ ಹೋಯಿತು. ಅಕ್ಕ ತನ್ನ ಚೀಲಕ್ಕೆ ಕೈ ಹಾಕಿ, ಮೈ ತೊಯ್ದರೆ ಇರಲೆಂದು ತಂದಿದ್ದ ಇನ್ನೊಂದು ಸೀರೆ ಎಳೆದಳು. ಕಪ್ಪು ಚಂದ್ರಕಾಳಿ, ಕೆಂಪು ಸೆರಗು, ನಮ್ಮದೇ ಅಂಗಡಿಯ ಮಾಲು. ಒಂದು ತುದಿ ನನ್ನತ್ತ ಎಸೆದು, ಬಗಲಿಗೆ ಎರಡು ಸುತ್ತು ಹಾಕಿಕೋ ಎಂದಳು. ಹಾಕಿಕೊಂಡೆ. ಆ ಕಡೆ ಅಕ್ಕ, ಗೈಡು, ದೋಣಿಯವರು, ಕಲ್ಕತ್ತೆಯ ದಂಪತಿ ಎಲ್ಲರೂ ಹಿಡಿದು ಎಳೆದರು. "ಎತ್ತು ಕಟ್ಟಿದ್ರೂ ಹರಿಯೂದಿಲ್ರಿ" ಎಂದು ವರ್ಷಾನುಗಟ್ಟಲೆ ಗಿರಾಕಿಗಳಿಗೆ ಹೇಳುತ್ತ ಬಂದವನು ನಾನು. ಒಂದು ದಿನವೂ ಅದನ್ನು ನಂಬಿರಲಿಲ್ಲ. ಸೀರೆ ಹರಿಯಲಿಲ್ಲ. ಬೂಟುಗಳೆರಡನ್ನೂ ಗಂಗೆಗೆ ಒಪ್ಪಿಸಿ ಮೇಲೆ ಬಂದೆ.

ಅಕ್ಕ ದೋಣಿಯಲ್ಲಿ ತುಂಬಿಟ್ಟಿದ್ದ ಬಕೆಟ್ಟಿನ ನೀರು ಸುರಿದು ನನ್ನನ್ನು ತೊಳೆದಳು, ಆರು ವರ್ಷದವನಿದ್ದಾಗ ತೊಳೆದ ಹಾಗೆಯೇ, ಬೈಯುತ್ತ. ಬೈದು ಮುಗಿದ ಮೇಲೂ ನನ್ನ ರಟ್ಟೆ ಬಿಡಲಿಲ್ಲ. ಬೇರೆ ಬಟ್ಟೆ ಹೋಟೆಲಿನಲ್ಲಿತ್ತು. ಸೀರೆಯ ಕೆಸರಾಗದ ಅರ್ಧವನ್ನೇ ಸುತ್ತಿಕೊಂಡು ಕೂತೆ. ಹೆಗಲ ಮೇಲೆ ಸೀರೆ ಹಾಕಿ ತೋರಿಸುವುದು ನನ್ನ ದಿನದ ಕಸುಬು, ಉಟ್ಟದ್ದು ಮಾತ್ರ ಅದೇ ಮೊದಲು.

ಕಲ್ಕತ್ತೆಯ ಹೆಣ್ಣುಮಗಳು ನಗು ತಡೆಯುತ್ತ, ಖರೆ ಹೇಳಿ, ನೀವು ಏನು ಮಾಡುತ್ತೀರಿ ಎಂದು ಕೇಳಿದರು.

"ಸೀರೆ ಮಾರುತ್ತೇನೆ," ಎಂದೆ.

ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ಸೆರಗನ್ನು ಮುಟ್ಟಿ ನೋಡಿ, ಇಂಥದ್ದೇ ಒಂದು ಕಳಿಸಿಕೊಡಿ ಎಂದು ವಿಳಾಸ ಕೊಟ್ಟರು.

ನಕ್ಕು ಸುಸ್ತಾಗಿ ಎಲ್ಲರೂ ಸುಮ್ಮನಾದರು. ದುರ್ಬೀನಿನ ಗಾಜಿಗೆಲ್ಲ ಕೆಸರು ಮೆತ್ತಿತ್ತು. ಮಾತಾಡುವ ಮುಖವೂ ನನಗೆ ಉಳಿದಿರಲಿಲ್ಲ. ಆ ನಿಶ್ಶಬ್ದದಲ್ಲಿ ಸಣ್ಣ ಸಣ್ಣ ಗೊರವ ಹಕ್ಕಿಗಳು ಗುಂಪಾಗಿ ಬಂದಿಳಿದು ನಮ್ಮ ಸುತ್ತಲೇ ಕೆಸರು ಕುಕ್ಕತೊಡಗಿದವು. ಆಮೇಲೆ ಒಂದು ಹಕ್ಕಿ ಬಂದು ನೇರ ದೋಣಿಯ ಮೂತಿಯ ಮೇಲೆ ಕೂತಿತು. ಕಿತ್ತಳೆ ಬಣ್ಣದ ತಲೆ, ಕೆಂಪಗಿನ ದಪ್ಪ ಕೊಕ್ಕು, ಕಂದು ರೆಕ್ಕೆ. ಯಾವುದನ್ನು ನೋಡಲು ಅಷ್ಟು ದೂರ ಬಂದಿದ್ದೆನೋ ಅದೇ.

"ಯಾವ ಹಕ್ಕಿ ಇದು?" ಅಕ್ಕ ಪಿಸುಗುಟ್ಟಿದಳು.

"ಕಂದು ರೆಕ್ಕೆಯ ಮಿಂಚುಳ್ಳಿ," ಎಂದೆ. ಹೇಳಿ, ರೂಢಿಯಂತೆ ಹೆದರಿ ಗೈಡಿನ ಮುಖ ನೋಡಿದೆ. ಆತ ತಲೆಯಾಡಿಸಿದ. ಅಕ್ಕ ಅದು ಹಾರಿಹೋಗುವ ತನಕ ಕಣ್ಣು ಕದಲಿಸಲಿಲ್ಲ. ಸಂಜೆಗೆ ನೀರು ಏರಿ ದೋಣಿ ತೇಲಿತು.

ಇಳಕಲ್‌ಗೆ ಬರುವ ಮೊದಲೇ ಅಕ್ಕನ ಫೋನು ನನ್ನ ಮನೆ ಮುಟ್ಟಿತ್ತು. ಬಾಗಿಲಲ್ಲಿ ಹೆಂಡತಿ ನಗು ಮುಚ್ಚಲು ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ಊಟಕ್ಕೆ ಕೂತಾಗ ನಾನು ಕೆಸರಿನ ಸುದ್ದಿ ಎತ್ತದೆ ಮಿಂಚುಳ್ಳಿಯ ಬಗ್ಗೆಯೇ ಹೇಳತೊಡಗಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ಖರೆ, ಅಷ್ಟ ಹತ್ರ ಬಂದಿತ್ತೇನ್ರಿ?"

ನಾನು ಕೂತಲ್ಲಿಂದ ಒಲೆ ಇರುವಷ್ಟು ದೂರ ಎಂದು ಕೈಯಿಂದ ತೋರಿಸಿದೆ. ಆ ಅಳತೆಯಲ್ಲಿ ಮಾತ್ರ ಸುಳ್ಳು ಬೆರೆಸಿರಲಿಲ್ಲ.