ಅಂಪೈರ್ ಕೈಗೆ ಕೊಟ್ಟದ್ದು

ಆ ಶಾಲೆಯಲ್ಲಿ ನನ್ನ ಹೆಸರು ಪಾವಗಡ ಮೈನರ್. ಇಂಗ್ಲೆಂಡಿನ ಶಾಲೆಗಳಲ್ಲಿ ಹುಡುಗರನ್ನು ಮನೆತನದ ಹೆಸರಿನಿಂದ ಕರೆಯುತ್ತಾರಂತೆ. ನಮಗೆ ಅಂಥದ್ದೊಂದು ಪ್ರತ್ಯೇಕ ಹೆಸರೇ ಇರಲಿಲ್ಲ, ಇದ್ದದ್ದು ಅಪ್ಪನ ಹೆಸರಿನ ಮೊದಲಕ್ಷರ ಮಾತ್ರ. ಹೆಡ್‌ಮಾಸ್ತರ್ ಸಾಹೇಬರು ಒಂದು ವಾರ ತಲೆ ಕೆಡಿಸಿಕೊಂಡು, ಕೊನೆಗೆ ನಮ್ಮನ್ನು ಊರ ಹೆಸರಿನಲ್ಲೇ ಕರೆಯತೊಡಗಿದರು. ಪಾವಗಡದಿಂದ ಇಬ್ಬರಿದ್ದೆವು. ದೊಡ್ಡವನು ಮೇಜರ್ ಆದ, ನಾನು ಮೈನರ್ ಆದೆ. ರಜಕ್ಕೆ ಹೋದಾಗ ಅವ್ವ ನನ್ನ ಸ್ವಂತ ಹೆಸರು ಕೂಗಿದರೆ, ಯಾರನ್ನೋ ಕರೆಯುತ್ತಿದ್ದಾಳೆಂದು ಸುಮ್ಮನೆ ಕೂತಿರುತ್ತಿದ್ದೆ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು ಇದು. ಸಾಹೇಬರು ತಮ್ಮ ದೇಶದಲ್ಲಿ ಅಂಥದೇ ಒಂದು ಚಿಕ್ಕಮಕ್ಕಳ ಶಾಲೆಯಲ್ಲಿ ಪಾಠ ಹೇಳಿದವರು. ಎದೆಯ ಕಾಯಿಲೆಗೆ ಒಣ ಹವೆ ಬೇಕೆಂದು ಮಧುಗಿರಿಗೆ ಬಂದರು. ಬಂದವರು ಸುಮ್ಮನೆ ಕೂರಲಾರದೆ, ಬೆಟ್ಟದ ಮಗ್ಗುಲಿನ ಹಳೇ ಬಂಗಲೆಯಲ್ಲಿ ಶಾಲೆ ತೆರೆದರು. ವ್ಯಾಪಾರಸ್ಥರ, ಜಮೀನುದಾರರ ಮಕ್ಕಳು ಮೂವತ್ತು ಜನ ಅಲ್ಲೇ ಇದ್ದು ಓದುತ್ತಿದ್ದೆವು. ನಮ್ಮನ್ನು ಬೆಂಗಳೂರಿನ ದೊಡ್ಡ ಶಾಲೆಗಳಿಗೆ ತಯಾರು ಮಾಡುವುದು ಉದ್ದೇಶ. ನಮ್ಮಪ್ಪನಿಗೆ ಜವಳಿ ಅಂಗಡಿ. ಮದರಾಸಿನಿಂದ ಬರುವ ಇಂಗ್ಲಿಷ್ ಕಾಗದಗಳನ್ನು ಓದಿಸಲು ಇನ್ನೊಬ್ಬರ ಬಾಗಿಲು ಕಾಯುವುದು ಅವರಿಗೆ ಸಾಕಾಗಿತ್ತು. ಅದಕ್ಕೇ ನಾನು ಅಲ್ಲಿ ಸೇರಿದ್ದು.

ಅಲ್ಲಿ ಎಲ್ಲದಕ್ಕೂ ಗಂಟೆ. ಐದೂವರೆಗೆ ಏಳುವ ಗಂಟೆ, ತೊಟ್ಟಿಯ ತಣ್ಣೀರಿಗೆ ಇಳಿಯುವ ಗಂಟೆ, ಡ್ರಿಲ್ಲಿನ ಗಂಟೆ, ಉಣ್ಣುವ ಗಂಟೆ, ಉಣ್ಣುವುದನ್ನು ನಿಲ್ಲಿಸುವ ಗಂಟೆ. ರಾಗಿ ಅಂಬಲಿಯನ್ನು ಪಿಂಗಾಣಿ ಬಟ್ಟಲಿಗೆ ಹಾಕಿ ಅದಕ್ಕೆ ಪಾರಿಜ್ ಎನ್ನುತ್ತಿದ್ದರು. ತಟ್ಟೆಯಲ್ಲಿ ಒಂದು ಅಗುಳೂ ಉಳಿಸುವಂತಿಲ್ಲ. ಬಿದ್ದು ಮಂಡಿ ಕಿತ್ತುಹೋದರೂ ಅಳುವಂತಿಲ್ಲ. ಒಬ್ಬನ ಮೇಲೊಬ್ಬ ಚಾಡಿ ಹೇಳುವಂತಿಲ್ಲ. ಮನೆಯವರು ನೋಡಲು ಬಂದರೆ ಓಡಿಹೋಗಿ ಅಪ್ಪಿಕೊಳ್ಳುವಂತಿಲ್ಲ, ನೆಟ್ಟಗೆ ನಿಂತು ಕೈ ಕುಲುಕಬೇಕು. ನಾನೋ ಹುಟ್ಟಿನಿಂದಲೇ ಕೂತಲ್ಲಿ ಕೂರದ ಪ್ರಾಣಿ. ಅಂಗಾಲಲ್ಲಿ ಇರುವೆ ಹರಿದಂತೆ ಸದಾ ಚಡಪಡಿಸುತ್ತಿದ್ದೆ. ಒಂದು ಗಂಟೆ ಮುಗಿಯುವ ಮೊದಲೇ ಮುಂದಿನ ಗಂಟೆಗೆ ಕಿವಿ ನಿಮಿರುತ್ತಿತ್ತು. ಎಂಬತ್ತು ದಾಟಿದ ಮೇಲೂ ಆ ಚಟ ಹೋಗಿಲ್ಲ. ಮದುವೆ ಮನೆಯಲ್ಲಿ ಎಲೆ ಹಾಕುವ ಮುಂಚೆಯೇ ಹೋಗಿ ಕೂತು ನಗೆಪಾಟಲಾಗುತ್ತೇನೆ.

ನಾವು ಲಿಂಗಾಯತರು. ಏಳು ವರ್ಷಕ್ಕೇ ನನಗೆ ಲಿಂಗದೀಕ್ಷೆಯಾಗಿತ್ತು. ಬೆಳ್ಳಿಯ ಕರಡಿಗೆಯೊಳಗೆ ಲಿಂಗ; ಶಿವದಾರದಲ್ಲಿ ಕಟ್ಟಿದ ಆ ಕರಡಿಗೆ ಸದಾ ಎದೆಯ ಮೇಲಿರಬೇಕು. ಮಿಂದು, ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಅನ್ನ. ಅದು ಮೈಯಿಂದ ಅಗಲಿದರೆ ಮತ್ತೆ ಧರಿಸುವವರೆಗೆ ಏನನ್ನೂ ಬಾಯಿಗಿಡಬಾರದು ಎಂಬುದು ನಮ್ಮಜ್ಜಿಯ ಕಟ್ಟಪ್ಪಣೆ. ನನ್ನನ್ನು ಈ ಶಾಲೆಗೆ ಸೇರಿಸುವುದು ಅಜ್ಜಿಗೆ ಸುತರಾಂ ಇಷ್ಟವಿರಲಿಲ್ಲ.

"ದೊರೆಗಳ ಸಾಲೇಲಿ ಬುಟ್ರೆ ಎದೆ ಮ್ಯಾಲಿನ ಲಿಂಗ ಉಳಿಯಾಕಿಲ್ಲ ಕಣ್ಲಾ" ಎಂದು ತೆಲುಗು ಬೆರೆತ ನಮ್ಮೂರ ಮಾತಿನಲ್ಲಿ ಅಪ್ಪನಿಗೆ ಹೇಳಿದ್ದಳು. "ಅದೊಂದಿನ ಅವನ ಮೈಮ್ಯಾಲೆ ಕಾಣ್ಲಿಲ್ಲ ಅನ್ನು, ಅವತ್ತೇ ಎಳ್ಕಂಡ್ಬತ್ತೀನಿ. ಆಮ್ಯಾಕೆ ನೀನು ಏಮೀ ಅನ್ನಂಗಿಲ್ಲ."

ಅಪ್ಪ ಒಪ್ಪಿದ್ದರು. ಸಾಹೇಬರೂ ದೊಡ್ಡ ಮನಸ್ಸು ಮಾಡಿ, ಸ್ನಾನಕ್ಕೂ ಡ್ರಿಲ್ಲಿಗೂ ನಡುವೆ ನನಗೆ ಏಳು ನಿಮಿಷ ಪೂಜೆಗೆ ಬಿಟ್ಟುಕೊಟ್ಟರು. ಏಳೆಂದರೆ ಏಳೇ.

ಆದರೆ ನಾನು ಅಲ್ಲಿ ಉಳಿಯಲು ಹಾತೊರೆಯುತ್ತಿದ್ದುದು ಇಂಗ್ಲಿಷಿಗಾಗಿ ಅಲ್ಲ, ಕ್ರಿಕೆಟ್ಟಿಗಾಗಿ. ಮೂವತ್ತು ಹುಡುಗರೊಳಗೆ ಹನ್ನೊಂದು ಜನರಲ್ಲೊಬ್ಬನಾಗುವುದೇ ಅಲ್ಲಿ ಬದುಕು. ಆಟದಲ್ಲಿ ನನ್ನ ಕಣ್ಣು ಕುಕ್ಕುತ್ತಿದ್ದ ಇನ್ನೊಂದು ಸಂಗತಿಯಿತ್ತು. ಬೌಲರ್ ತನ್ನ ಓವರಿಗೆ ಮೊದಲು ಟೋಪಿಯನ್ನೋ ಕೋಟನ್ನೋ ಕಳಚಿ ಅಂಪೈರ್ ಕೈಗೆ ಕೊಡುತ್ತಾನೆ. ಅಂಪೈರ್ ಅಂದರೆ ನಮ್ಮ ಸಾಹೇಬರೇ. ನಮ್ಮ ಬೌಲರ್ ಸಿರಾದವನು, ಚರ್ಮದ ಮಂಡಿ ಸಾಬರ ಮಗ, ನನ್ನ ಪಕ್ಕದ ಮಂಚದವನು. ಅವನು ತನ್ನ ಕುಸುರಿ ಟೋಪಿ ತೆಗೆದು ನವಾಬನ ಹಾಗೆ ಚಾಚುತ್ತಿದ್ದ. ಬೆತ್ತ ಹಿಡಿಯುವ ಆ ಸಾಹೇಬರು ಬಾಯಿ ಮುಚ್ಚಿಕೊಂಡು ಅದನ್ನು ತೆಗೆದುಕೊಂಡು ನಿಲ್ಲುತ್ತಿದ್ದರು. ಒಂದು ಸಲವಾದರೂ ನಾನು ಏನಾದರೊಂದು ಅವರ ಕೈಗೆ ಕೊಡಬೇಕೆಂದು ಒದ್ದಾಡುತ್ತಿದ್ದೆ.

ಆ ಆಷಾಢದ ಒಂದು ಶನಿವಾರ ಮಧ್ಯಾಹ್ನ ಕೊರಟಗೆರೆಯ ಹುಡುಗರ ತಂಡ ಆಡಲು ಬಂತು. ಅರ್ಧ ಆಟದಲ್ಲಿ ಸಿರಾ ಕಾಲು ಉಳುಕಿಸಿಕೊಂಡು ಕೂತ. ಹಾಳೂರಿಗೆ ಉಳಿದವನೇ ಗೌಡ, ಚೆಂಡು ನನ್ನ ಕೈಗೆ ಬಂತು. ಮೊದಲ ಎಸೆತಕ್ಕೆ ಓಡಿ ಬಂದಾಗ ಅಂಗಿಯೊಳಗಿನ ಕರಡಿಗೆ ಎಗರಿ ದವಡೆಗೆ ಬಡಿಯಿತು. ಎರಡನೆಯದಕ್ಕೂ ಬಡಿಯಿತು. ಸಾಹೇಬರು ನನ್ನನ್ನು ನೋಡಿದರು. ನನ್ನ ತಲೆಯ ಮೇಲೆ ಟೋಪಿಯಿರಲಿಲ್ಲ, ಮೈಮೇಲೆ ಕೋಟೂ ಇರಲಿಲ್ಲ. ಏನು ಯೋಚಿಸಿದೆನೋ, ಯೋಚಿಸಿದೆನೋ ಇಲ್ಲವೋ, ಶಿವದಾರವನ್ನು ತಲೆಯ ಮೇಲಿಂದ ಎಳೆದು, ಕರಡಿಗೆಯನ್ನು ಸಾಹೇಬರತ್ತ ಚಾಚಿದೆ. ಅವರು ಟೋಪಿ ತೆಗೆದುಕೊಳ್ಳುವಷ್ಟೇ ಸಹಜವಾಗಿ ತೆಗೆದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡರು. ಆ ಗಳಿಗೆಯಲ್ಲಿ ನನಗೆ ಹೆಮ್ಮೆಯೇ ಆಯಿತು. ಸುಳ್ಳು ಏಕೆ ಹೇಳಲಿ.

ನಾಲ್ಕು ವಿಕೆಟ್ ಬಿತ್ತು. ಗೆದ್ದೆವು. ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತು ಬಂಗಲೆಯನ್ನು ಒಂದು ಸುತ್ತು ಬಂದರು. ಟೀ ಗಂಟೆ ಹೊಡೆದು, ಬನ್ನು ಬಾಯಿಗಿಡುವ ಮುಂಚೆ ಅಭ್ಯಾಸಬಲದಿಂದ ಕೈ ಎದೆಗೆ ಹೋಯಿತು. ಎದೆ ಬರಿದಾಗಿತ್ತು. ಎದ್ದು ಓಡಿದೆ. ಸಾಹೇಬರ ಮೋಟಾರು ಗೇಟು ದಾಟಿ ತುಮಕೂರು ರಸ್ತೆಯ ಧೂಳಿನಲ್ಲಿ ಆಗಲೇ ಮರೆಯಾಗುತ್ತಿತ್ತು. ಶನಿವಾರ ಅವರು ತುಮಕೂರಿನ ಸ್ನೇಹಿತರ ಮನೆಗೆ ಹೋದರೆ ಬರುವುದು ಸೋಮವಾರ ಬೆಳಿಗ್ಗೆಯೇ.

ಶಾಲೆಯಲ್ಲಿ ಉಳಿದಿದ್ದ ದೊಡ್ಡವರೆಂದರೆ ಮೈಸೂರಿನಿಂದ ಬಂದಿದ್ದ ಮೇಷ್ಟ್ರೊಬ್ಬರೇ. ಅವರಿಗೆ ಹೇಳಿದರೆ ಅಪ್ಪನಿಗೆ ತಂತಿ ಹೋಗುತ್ತದೆ. ಅಪ್ಪನಿಗೆ ಹೋದದ್ದು ಅಜ್ಜಿಗೆ ಹೋಗದೆ ಇರುತ್ತದೆಯೇ? ಅಜ್ಜಿಗೆ ಗೊತ್ತಾದರೆ ನನ್ನ ಶಾಲೆ ಅಲ್ಲಿಗೆ ಮುಗಿಯಿತು. ಬಿಸಿ ತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಸಿರಾಗೆ ಮಾತ್ರ ಹೇಳಿದೆ.

"ಸೋಮವಾರದ ತಂಕ ತಾನೆ? ಫಿಕರ್ ಮಾಡ್ಬ್ಯಾಡ ಕಣ್ಲಾ. ರೋಜಾದಾಗೆ ನಾವು ನೀರು ಕೂಡ ಕುಡಿಯಾಕಿಲ್ಲ."

"ನೀವು ಸಂಜೆ ಉಣ್ತೀರಲ್ಲೋ!"

"ಅದೂ ನಿಜಾನೇ" ಎಂದು ತಲೆ ಕೆರೆದುಕೊಂಡ. "ನಿನ್ ಪಾಲಿಂದು ನಾನ್ ಉಣ್ತೀನಿ ಬುಡು. ತಟ್ಟೆ ಖಾಲಿಯಾದ್ರೆ ಮೇಷ್ಟ್ರು ಯಾಕೆ ಕೇಳ್ತಾರೆ?"

ಸಸ್ಯಾಹಾರಿಗಳ ಬೆಂಚಿನ ತುದಿಗೆ ಬಂದು ಕೂತು, ಶನಿವಾರದ ನನ್ನ ಊಟವನ್ನೂ ಭಾನುವಾರದ ನನ್ನ ಪಾರಿಜನ್ನೂ ಅವನೇ ಮುಗಿಸಿದ. ಸ್ನೇಹಕ್ಕಾಗಿ ಅಷ್ಟು ತಿಂದವನನ್ನು ನಾನು ಮತ್ತೆ ಕಂಡಿಲ್ಲ. ನಾನು ಮಾತ್ರ ಅಂಗಳ, ಜಗಲಿ, ಗೇಟು, ಮತ್ತೆ ಅಂಗಳ ಎಂದು ತಿರುಗಿದೆ. ಹೊಟ್ಟೆಯ ಸಂಕಟ ಅರ್ಧವಾದರೆ ಇನ್ನರ್ಧ ಬೇರೆಯದು. ನನ್ನ ಲಿಂಗ ತುಮಕೂರಿನ ಯಾವ ಗೂಟಕ್ಕೆ ನೇತುಹಾಕಿದ ಕೋಟಿನಲ್ಲಿದೆ, ಯಾವ ಅಡಿಗೆಯ ವಾಸನೆ ಅದಕ್ಕೆ ಬಡಿಯುತ್ತಿದೆ ಎಂದು ನೆನೆದು ಮತ್ತೊಂದು ಸುತ್ತು ಹೊಡೆಯುತ್ತಿದ್ದೆ. ಭಾನುವಾರ ಬೆಳಿಗ್ಗೆ ಹಲಗೆಯ ಮೇಲೆ ಬರೆದ ಮಾದರಿ ನೋಡಿ ಎಲ್ಲರೂ ಮನೆಗೆ ಕಾಗದ ಬರೆಯಬೇಕು. ನಾನು ಸುಖವಾಗಿದ್ದೇನೆ, ಚೆನ್ನಾಗಿ ಉಣ್ಣುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಕಾಪಿ ಮಾಡಿ ಕೊಟ್ಟೆ.

ಹನ್ನೊಂದಕ್ಕೆ ಭೇಟಿಯ ಗಂಟೆ ಹೊಡೆಯಿತು. ಹೊಂಗೆಮರದ ಕೆಳಗೆ ಬುತ್ತಿಗಂಟು ಇಟ್ಟುಕೊಂಡು ಅಜ್ಜಿ ಕೂತಿದ್ದಳು.

ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಅಜ್ಜಿಯನ್ನು ಕಂಡು ನನಗೆ ಸಂತೋಷವಾಗಲಿಲ್ಲ. ಓಡಿ ಬಂದು ತಬ್ಬಿಕೊಳ್ಳುತ್ತೇನೆಂದು ಅವಳು ಎರಡೂ ಕೈ ಅಗಲಿಸಿದಳು. ನಾನು ಮಾರು ದೂರದಲ್ಲೇ ನಿಂತು, ಶಾಲೆಯ ನಿಯಮದಂತೆ ಬಲಗೈ ಚಾಚಿದೆ. ಆ ನಿಯಮದ ಬಗ್ಗೆ ಕೃತಜ್ಞತೆ ಹುಟ್ಟಿದ್ದು ಅದೊಂದೇ ದಿನ. ಅಜ್ಜಿ ನನ್ನ ಕೈ ನೋಡಿ, ಮುಖ ನೋಡಿ, ನಕ್ಕುಬಿಟ್ಟಳು.

"ಏಂ ರಾ, ದೊರೆ ಆಗ್ಬುಟ್ಯಾ? ಯಾಕಪ್ಪ ಇಂಗೆ ಸೊರಗಿದ್ದೀಯ? ಮುಖ ನೋಡು, ಬಾಡಿದ ಬದನೆಕಾಯಿ! ಬಾ, ಕುಂತ್ಕ."

ರಾಗಿ ರೊಟ್ಟಿ, ಬೆಣ್ಣೆ, ಹುಚ್ಚೆಳ್ಳು ಪುಡಿ, ಮೊಸರನ್ನ. ಗಂಟು ಬಿಚ್ಚಿದ ಕೂಡಲೇ ಪರಿಮಳ ಮೂಗಿಗೆ ಬಡಿದು ಕಣ್ಣು ಕತ್ತಲಿಟ್ಟಿತು. ಎಲೆಯ ಮೇಲೆ ರೊಟ್ಟಿ ಇಡುತ್ತಾ ಅಜ್ಜಿ ಕೇಳಿದಳು.

"ಪೂಜೆ ಆಯ್ತಾ?"

"ಆಯ್ತಜ್ಜಿ."

"ಇಬೂತಿನೇ ಕಾಣಲ್ಲ ಹಣೇಲಿ?"

"ಡ್ರಿಲ್ಲಲ್ಲಿ ಬೆವರಿಗೆ ಹೋಯ್ತು."

ಕುಂಟಿಕೊಂಡು ಜೊತೆಗೆ ಬಂದಿದ್ದ ಸಿರಾ ಕೇಳದಿದ್ದರೂ ಸಾಕ್ಷಿ ಹೇಳಿದ. "ಹೌದಜ್ಜಿ, ನಾನೇ ನೋಡ್ದೆ. ಬಾಳ ಹೊತ್ತು ಮಾಡ್ದ." ಅಜ್ಜಿ ಅವನಿಗೂ ಬೇರೆ ಎಲೆ ಹಾಕಿದಳು.

ನಾನು ಕೈ ಮುಂದೆ ಮಾಡಲಿಲ್ಲ. ಹಸಿವಿಲ್ಲ ಎಂದೆ. ಹಸಿವಿಲ್ಲ ಎಂದವನ ಹೊಟ್ಟೆ ಅಷ್ಟರಲ್ಲೇ ಗುಡುಗಿತು. ಅಜ್ಜಿಗೆ ರೇಗಿತು. "ಬೆಳಗಿನ ಜಾವ ಎದ್ದು ಮಾಡ್ಕಂಡ್ ಬಂದಿವ್ನಿ, ಉಣ್ಣಕಿಲ್ಲ ಅಂತೀಯಲ್ಲ! ನನ್ ಕೈ ಅನ್ನ ಈಗ ರುಚಿಸಾಕಿಲ್ವಾ? ಬಾಯ್ ತೆಗಿ ಅಂದ್ರೆ ತೆಗಿ" ಎಂದು ತಾನೇ ರೊಟ್ಟಿ ಮುರಿದು, ಬೆಣ್ಣೆ ಅದ್ದಿ ಬಾಯಿಗಿಟ್ಟಳು. ನಾನು ಬಾಯಿ ತೆರೆದೆ. ಒಂದು ತುತ್ತು ಒಳಗೆ ಹೋದ ಮೇಲೆ ನನ್ನ ಕೈಯನ್ನು ಯಾರಿಂದಲೂ ತಡೆಯಲಾಗಲಿಲ್ಲ. ನಾಲ್ಕು ರೊಟ್ಟಿ ತಿಂದೆ. ಮೊಸರನ್ನ ಬಳಿದು ತಿಂದೆ. ಸಿಡಿಲು ಹೊಡೆಯಲಿಲ್ಲ, ರಕ್ತ ಕಾರಲಿಲ್ಲ. ಊಟ ಬಲು ರುಚಿಯಾಗಿತ್ತು, ಅದೇ ನನಗೆ ಭಯ ಹುಟ್ಟಿಸಿತು.

ಒಂದು ಗಂಟೆಗೆ ಬಸ್ಸಿನವನು ಹಾರನ್ ಹೊಡೆದ. ಅಜ್ಜಿ ಎದ್ದಳು. ಈ ಸಲ ನಾನು ಕೈ ಚಾಚುವ ಮೊದಲೇ ನನ್ನನ್ನು ಹತ್ತಿರ ಎಳೆದುಕೊಂಡು ತಲೆ ಸವರಿದಳು, ಕೆನ್ನೆ ಸವರಿದಳು. ಕೈ ಇಳಿದು ಎದೆಗೆ ಬಂದು ನಿಂತಿತು. ಅಂಗಿಯ ಮೇಲಿಂದ ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ಮತ್ತೆ ನಡುವಿಗೆ ಬಂತು. ನಾನು ಬೆಟ್ಟದ ಕಡೆ ನೋಡುತ್ತಾ ನಿಂತೆ. ಅಜ್ಜಿ ಕೈ ತೆಗೆದಳು. ಖಾಲಿ ಬುತ್ತಿಬಟ್ಟೆಯನ್ನು ಮಡಿಸಿ ಸೆರಗಿಗೆ ಸಿಕ್ಕಿಸಿಕೊಂಡಳು.

"ಚಂದಾಗಿ ಓದ್ಕ ನಮ್ಮಪ್ಪ" ಎಂದಳು. ಹೋಗಿ ಬಸ್ಸು ಹತ್ತಿದಳು.

ಅಜ್ಜಿಗೆ ಗೊತ್ತಾಗಲಿಲ್ಲ ಎಂದೇ ನಾನು ಅಂದುಕೊಂಡೆ. ಗೊತ್ತಾಗಿದ್ದರೆ ನನ್ನ ಟ್ರಂಕು ಹೊರಿಸಿಕೊಂಡೇ ಹೋಗುತ್ತಿದ್ದಳು, ಅವಳೇನು ಸುಮ್ಮನೆ ಬಿಡುವವಳೇ! ಆ ರಾತ್ರಿಯ ಊಟವನ್ನು ಸಿರಾಗೆ ಕೊಡಲಿಲ್ಲ, ನಾನೇ ಉಂಡೆ. ಒಮ್ಮೆ ಮುರಿದದ್ದನ್ನು ಎರಡನೇ ಸಲ ಮುರಿಯುವುದು ಎಷ್ಟು ಸುಲಭವೆಂದು ಅವತ್ತು ತಿಳಿಯಿತು.

ಸೋಮವಾರ ಬೆಳಿಗ್ಗೆ ಸಾಹೇಬರು ನನ್ನನ್ನು ಕರೆಸಿ, ಶುಭ್ರವಾದ ಕರವಸ್ತ್ರದಲ್ಲಿ ಸುತ್ತಿದ ಕರಡಿಗೆಯನ್ನು ಮೇಜಿನ ಮೇಲಿಟ್ಟರು. ಮರೆತು ಒಯ್ದದ್ದಕ್ಕೆ ಕ್ಷಮೆ ಕೇಳಿದರು. ಚೆನ್ನಾಗಿ ಬೌಲ್ ಮಾಡಿದೆ ಎಂದೂ ಹೇಳಿದರು. ಅವರ ತಪ್ಪು ಏನೂ ಇರಲಿಲ್ಲ. ನಾನು ಕೊಟ್ಟೆ, ಅವರು ಜೋಪಾನ ಮಾಡಿದರು. ನಾನು ಅದನ್ನು ತೊಟ್ಟಿಯ ನೀರಿನಲ್ಲಿ ತೊಳೆದು, ವಿಭೂತಿ ಹಚ್ಚಿ ಧರಿಸಿಕೊಂಡೆ. ಆಮೇಲೆ ವಾರವಾರವೂ ಸುಖವಾಗಿದ್ದೇನೆ ಎಂಬ ಅದೇ ಕಾಗದವನ್ನೇ ಮನೆಗೆ ಬರೆಯುತ್ತಾ ಬಂದೆ. ಆದರೂ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಗೇಟಿನಲ್ಲಿ ಪಾವಗಡದ ಬಸ್ಸು ನಿಂತರೆ ಕೈ ತಾನಾಗಿ ಎದೆಯ ಕರಡಿಗೆಗೆ ಹೋಗುತ್ತಿತ್ತು.

ದಸರಾ ರಜಕ್ಕೆ ಊರಿಗೆ ಹೋದೆ. ಬಾಗಿಲಲ್ಲಿ ಅಜ್ಜಿ ನಿಂತಿದ್ದಳು, ಅರ್ಧಕ್ಕರ್ಧ ಇಳಿದುಹೋಗಿದ್ದಳು. ನಾನು ಹೊಸ್ತಿಲು ದಾಟುವ ಮುಂಚೆಯೇ ನನ್ನ ಎದೆಯ ಮೇಲೆ ಅಂಗೈ ಇಟ್ಟಳು. ಕರಡಿಗೆ ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ತುಸು ಹೊತ್ತು ಕಣ್ಣು ಮುಚ್ಚಿದಳು. ಒಳಗಿನಿಂದ ಅವ್ವ ದೂರು ಶುರು ಮಾಡಿದಳು. "ನೀನಾದ್ರೂ ಹೇಳೋ. ಆಷಾಢದಾಗೆ ನಿನ್ನ ನೋಡ್ಕಂಡ್ ಬಂದಾಗಿಂದ ಮದ್ಯಾನದ ಊಟ ಬುಟ್ಬುಟ್ಟವ್ರೆ. ಯಾಕೆ ಅಂತ ಕೇಳಿದ್ರೆ ಬಾಯ್ ಬುಡಾಕಿಲ್ಲ."

ಅವ್ವ ಹಿತ್ತಿಲಿಗೆ ಹೋದ ಮೇಲೆ, "ಅಜ್ಜಿ, ಅವತ್ತು..." ಎಂದೆ. ಅವಳು ನನ್ನ ಬಾಯಿಗೆ ಇನ್ನೊಂದು ಕೈ ಅಡ್ಡ ಇಟ್ಟಳು.

"ನೀನು ಉಣ್ಣಕಿಲ್ಲ ಅಂದೆ. ನಾನೇ ಬಾಯಿಗೆ ತುರುಕ್ದೆ" ಎಂದಳು. "ಎದೆ ಮುಟ್ಟಿ ನೋಡ್ಬುಟ್ಟು ಆಮ್ಯಾಕೆ ಇಕ್ಬೇಕಾಗಿತ್ತು. ತಪ್ಪು ಇಕ್ಕಿದೋಳ್ದು ಕಣಪ್ಪ, ಉಂಡೋನ್ದಲ್ಲ. ನಿಮ್ಮಪ್ಪನಿಗೆ ಹೇಳಿದ್ರೆ ನಿನ್ ಚರ್ಮ ಸುಲೀತಿದ್ದ. ಅದುಕ್ಕೇ ಸುಮ್ಕಾದೆ."

ಲಿಂಗ ಎಲ್ಲಿ ಹೋಗಿತ್ತು ಎಂದು ಅವಳು ಅವತ್ತೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ನಾನು ಸುಳ್ಳು ಹೇಳಿದ್ದು ಅವಳ ಲೆಕ್ಕಕ್ಕೇ ಬಂದಿರಲಿಲ್ಲ. ನಾನು ಮಾತ್ರ ಮೂರು ತಿಂಗಳು ಮೂರು ಹೊತ್ತೂ ತಟ್ಟೆ ಬಳಿದು ಉಂಡಿದ್ದೆ.

ಅಡಿಗೆಮನೆಯಲ್ಲಿ ಅವ್ವ ಎಲೆ ಹಾಕುವ ಸದ್ದಾಯಿತು. ಅಜ್ಜಿ ಇನ್ನೂ ನನ್ನ ಎದೆಯಿಂದ ಕೈ ತೆಗೆದಿರಲಿಲ್ಲ. ಹತ್ತು ವರ್ಷದ ನನ್ನನ್ನು, ಮನೆಗೆ ಹಿರಿಯನನ್ನು ಕೇಳುವ ಹಾಗೆ ಕೇಳಿದಳು.

"ಈಗ ಉಣ್ಲೇನಪ್ಪಾ?"