ಗೊರಸಮ್ಮನ ಎರಡು ಚಾಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕುರಿದೊಡ್ಡಿಯ ಗೇಟಿನಲ್ಲಿ ಅಗಲವಾದ ಟಬ್ಬು, ಅದರ ತುಂಬ ಮದ್ದಿನ ನೀರು. ನಾನು ಅದನ್ನು ದಾಟಿ ಒಳಗೆ ಹೋಗಲು ಕಾಲೆತ್ತುತ್ತೇನೆ.

"ಅಲ್ಲೇ ನಿಲ್ಲಿ ಸಾರ್! ಶೂ ಸಮೇತ ಅದ್ರಲ್ಲಿ ಇಳೀರಿ. ಪೇಪರಿನವರ ಕಾಲೂ ಕಾಲೇ."

ಹೊಸ ಶೂ ಹಾಕಿಕೊಂಡು ಬಂದ ನನ್ನ ಬುದ್ಧಿಗೆ ನಾನೇ ಬೈದುಕೊಂಡು ಇಳಿಯುತ್ತೇನೆ. ಗದರಿದಾಕೆ ಐವತ್ತಾರರ ಹೆಂಗಸು. ಕುರಿ ಸಾಕುವವರ ಬಾಯಲ್ಲಿ ಆಕೆ ಗೊರಸಮ್ಮ. ಕುರಿಗಳ ಗೊರಸು ಸವರುವುದು, ಕಾಲು ಕೊಳೆಯುವ ರೋಗ ಬಾರದಂತೆ ಕಾಯುವುದು ಆಕೆಯ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಇದೊಂದೇ.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಕುರಿಯನ್ನು ಹಿಂಬದಿ ಊರಿಸಿ ಕೂರಿಸಿ, ಬೆನ್ನನ್ನು ತಮ್ಮ ಮೊಣಕಾಲಿಗೆ ಒರಗಿಸಿಕೊಂಡು ಹಿಡಿಯಬೇಕು. ಕುರಿ ಆಗ ಕ್ಷೌರಕ್ಕೆ ಕೂತ ಯಜಮಾನನಂತೆ ಗಂಭೀರವಾಗಿಬಿಡುತ್ತದೆ. ಗೊರಸಮ್ಮ ಬೆರಳ ಸಂದು ಬಿಡಿಸಿ, ಬಗ್ಗಿ ಮೂಸುತ್ತಾರೆ. "ಮೊದಲು ಮೂಗು, ಆಮೇಲೆ ಚಾಕು. ಈ ರೋಗ ಕಣ್ಣಿಗೆ ಕಾಣೋಕೆ ಮುಂಚೆ ಮೂಗಿಗೆ ಸಿಗುತ್ತೆ. ಒಂದ್ಸಲ ಆ ವಾಸನೆ ಕುಡಿದ್ರೆ ಮಧ್ಯಾಹ್ನ ಊಟ ಸೇರಲ್ಲ" ಎಂದು ನಗುತ್ತಾರೆ. ಬೆಳೆದ ಅಂಚನ್ನಷ್ಟೇ ಕತ್ತರಿಸುತ್ತಾರೆ. ರಕ್ತ ಬರುವ ಹಾಗೆ ಕೊರೆದರೆ ಗಾಯ ಮಾಯುವುದು ಇನ್ನೂ ತಡ.

ಒಂದು ಕುರಿಗೆ ನಾಲ್ಕು ಕಾಲು, ಎಂಟು ಗೊರಸು. ದಿನಕ್ಕೆ ನಲವತ್ತು ಕುರಿ ಎಂದರೂ ಮುನ್ನೂರಿಪ್ಪತ್ತು ಗೊರಸು ಆಕೆಯ ಕೈಯಲ್ಲಿ ಹಾಯುತ್ತವೆ. ಪಕ್ಕದ ಬಕೆಟ್ಟಿನಲ್ಲಿ ಯಾವಾಗಲೂ ಒಂದು ಚಾಕು ಮದ್ದಿನಲ್ಲಿ ಮುಳುಗಿರುತ್ತದೆ. ಒಂದು ಕುರಿ ಮುಗಿದ ಕೂಡಲೇ ಕೈಯಲ್ಲಿದ್ದುದು ಒಳಗೆ, ಒಳಗಿದ್ದುದು ಕೈಗೆ. ಎರಡು ಚಾಕು ಯಾಕೆ ಎಂದು ಕೇಳುತ್ತೇನೆ. ಗೊರಸಮ್ಮ ಉತ್ತರಿಸುವ ಮೊದಲು ಗೇಟಿನ ಕಡೆ ನೋಡುತ್ತಾರೆ. ಅಲ್ಲಿ ಕೈಕಟ್ಟಿ ನಿಂತಿರುವಾಕೆ ಈ ಮಂದೆಯ ಒಡತಿ, ಗೊರಸಮ್ಮನ ಒಡಹುಟ್ಟಿದ ತಂಗಿ.

ಕಳೆದ ಮಳೆಗಾಲದವರೆಗೆ ಗೊರಸಮ್ಮನ ಬಳಿ ಇದ್ದದ್ದು ಒಂದೇ ಚಾಕು. ಒಂದು ಕುರಿಯಾದ ಮೇಲೆ ಸೊಂಟದ ಬಟ್ಟೆಗೆ ಒರೆಸಿ ಇನ್ನೊಂದಕ್ಕೆ. ಒಂದು ಬೆಳಿಗ್ಗೆ ಕಾಲು ಕೊಳೆತ ಕುರಿಗಳಿದ್ದ ಗುಡ್ಡದಾಚೆಯ ಮಂದೆ ಮುಗಿಸಿ, ಅದೇ ಚಾಕು ಹಿಡಿದು ನೇರ ತಂಗಿಯ ದೊಡ್ಡಿಗೆ ಬಂದರು. ಹತ್ತೇ ದಿನಕ್ಕೆ ಇಲ್ಲಿನ ಕುರಿಗಳು ಕುಂಟತೊಡಗಿದವು. "ನಿಂತು ಮೇಯೋಕಾಗ್ದೆ ಮುಂಗಾಲು ಮಡಚಿ, ಮೊಣಕಾಲೂರಿ ಮೇಯ್ತಿದ್ವು ಸಾರ್. ನೋಡೋಕಾಗ್ತಿರ್ಲಿಲ್ಲ." ಎಲ್ಲರೂ ಬೈದದ್ದು ಮಳೆಗೆ, ಕೆಸರಿಗೆ. ಗೊರಸಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಕೇಳುವವರಿರಲಿಲ್ಲ. ಆದರೆ ತಾವೇ ತಂಗಿಯ ಮನೆ ಬಾಗಿಲಲ್ಲಿ ನಿಂತು ಹೇಳಿದರು: "ಮಳೆ ಅಲ್ಲ ಕಣೇ, ನನ್ನ ಚಾಕು."

ಅರವತ್ಮೂರು ಕುರಿಗಳಲ್ಲಿ ಒಂಬತ್ತು ಎಷ್ಟು ಮದ್ದಿಗೂ ಬಗ್ಗಲಿಲ್ಲ. ಮಂದೆಯಲ್ಲಿಟ್ಟರೆ ಉಳಿದವಕ್ಕೂ ಅಂಟಿಸುತ್ತವೆ ಎಂದು ಕಟುಕರಿಗೆ ಕೊಟ್ಟುಬಿಡಬೇಕಾಯಿತು. ಅವುಗಳಲ್ಲಿ ಎರಡನ್ನು ತಂಗಿ ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಅವತ್ತಿನಿಂದ ಆಕೆ ಅಕ್ಕನನ್ನು ಬರಬೇಡ ಎಂದಿಲ್ಲ. ಆದರೆ ಇಪ್ಪತ್ತೊಂದು ವರ್ಷ ಅಕ್ಕನಿಗೆ ಕುರಿ ಹಿಡಿದುಕೊಟ್ಟವಳು ಮತ್ತೆ ಹಿಡಿದಿಲ್ಲ. ಈಗ ಹಿಡಿಯುವುದು ಆಕೆಯ ಗಂಡ.

ಆಮೇಲಿನ ದುಡಿಮೆ ಸಣ್ಣದಲ್ಲ. ವಾರಕ್ಕೊಮ್ಮೆ ಹತ್ತು ಹತ್ತು ಕುರಿಗಳನ್ನು ಮದ್ದಿನ ನೀರಿನಲ್ಲಿ ನಿಲ್ಲಿಸುವುದು, ಕಾಲು ಆರುವವರೆಗೆ ಒಣ ನೆಲದಲ್ಲಿ ಕಾಯಿಸುವುದು, ಕುಂಟುವುದನ್ನು ಬೇರೆ ಕಟ್ಟುವುದು, ಪಶುವೈದ್ಯೆಯನ್ನು ಕರೆಸಿ ಸೂಜಿ ಹಾಕಿಸುವುದು. ಮೇಯಿಸಿದ ಜಾಗಕ್ಕೆ ಎರಡು ವಾರ ರಜೆ. ಗೊರಸು ಸಿಗದಿದ್ದರೆ ರೋಗ ಮಣ್ಣಿನಲ್ಲಿ ಅಷ್ಟು ದಿನ ಬಾಳುವುದಿಲ್ಲ. ಹೊಸ ಕುರಿ ತಂದರೆ ಒಂದು ತಿಂಗಳು ಪ್ರತ್ಯೇಕ ವಾಸ. "ಹೊಸ ಸೊಸೆಗೂ ಇಷ್ಟು ಪರೀಕ್ಷೆ ಇರಲ್ಲ" ಎನ್ನುತ್ತಾರೆ ಗೊರಸಮ್ಮ.

ಇವತ್ತು ಮೂರನೇ ತಪಾಸಣೆ. ಹಿಂದೆ ಎರಡು ಸಲವೂ ಒಂದೊಂದು ಕಾಲು ವಾಸನೆ ಹೊಡೆದಿತ್ತು. ಐವತ್ನಾಲ್ಕು ಕುರಿಗಳೂ ಶುದ್ಧವಾಗಿದ್ದರೆ ಮಂದೆ ಊರಿನ ಹುಲ್ಲುಗಾವಲಿಗೆ ಮರಳಬಹುದು. ಒಂದು ಕಾಲು ಕೈಕೊಟ್ಟರೂ ಎಲ್ಲವೂ ಮತ್ತೆ ದೊಡ್ಡಿಯಲ್ಲೇ.

ಐವತ್ಮೂರು ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿದೆ. ಉಳಿದದ್ದು ಜಗಮೊಂಡಿ ಎಂಬ ಮುದಿ ಕುರಿ. ಕಳೆದ ಸಲ ಕೆಟ್ಟ ಕಾಲು ಇದರದೇ. ಹಿಡಿಯಲು ಹೋದ ತಂಗಿಯ ಗಂಡನಿಗೆ ಅದು ಒಂದು ಒದೆ ಕೊಡುತ್ತದೆ. "ಅಯ್ಯೋ, ಸೊಂಟ ಹಿಡ್ಕೊಳ್ತು ಅಕ್ಕಾ!" ಎಂದು ಆತ ಗೋಡೆಗೆ ಒರಗುತ್ತಾನೆ.

ಗೇಟಿನಲ್ಲಿದ್ದ ತಂಗಿ ಕಟ್ಟಿದ ಕೈ ಬಿಡಿಸುತ್ತಾಳೆ. ಟಬ್ಬಿನಲ್ಲಿ ಎರಡೂ ಕಾಲು ಅದ್ದಿ ಒಳಗೆ ಬಂದು, ಜಗಮೊಂಡಿಯನ್ನು ಒಂದೇ ಪಟ್ಟಿಗೆ ಕೂರಿಸಿ ಮೊಣಕಾಲಿಗೆ ಒರಗಿಸಿಕೊಳ್ಳುತ್ತಾಳೆ. ಗೊರಸಮ್ಮ ಮೂರು ಕಾಲು ಮೂಸುತ್ತಾರೆ. ನಾಲ್ಕನೆಯದನ್ನು ಎತ್ತಿ ತಂಗಿಯ ಕಡೆ ಹಿಡಿಯುತ್ತಾರೆ.

"ಇದನ್ನ ನೀನೇ ಮೂಸು. ಇವತ್ತು ನನ್ನ ಮೂಗಿನ ಮೇಲೆ ನನಗೇ ನಂಬಿಕೆ ಇಲ್ಲ."

ತಂಗಿ ಕುರಿಯ ಭುಜದ ಮೇಲಿಂದ ಬಗ್ಗುತ್ತಾಳೆ. ಒಮ್ಮೆ ಮೂಸುತ್ತಾಳೆ, ಇನ್ನೊಮ್ಮೆ ಮೂಸುತ್ತಾಳೆ.

"ಮಣ್ಣಿನ ವಾಸನೆ ಅಕ್ಕ. ಬರೀ ಮಣ್ಣು."

ಗೊರಸಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ನನ್ನ ಕಣ್ಣೂ ಒದ್ದೆಯಾಗಿದೆ, ಮದ್ದಿನ ಘಾಟು ಎಂದು ಸುಳ್ಳು ಹೇಳಲಾರೆ. ಗೇಟು ತೆರೆಯುತ್ತದೆ. ಕುರಿಗಳು ನೂಕಾಡಿಕೊಂಡು, ನಾಲ್ಕೂ ಕಾಲೂರಿ ಹೊರಗೆ ನಡೆಯುತ್ತವೆ.

ಮುಂದಿನ ಆಸೆ ಏನೆಂದು ಗೊರಸಮ್ಮನನ್ನು ಕೇಳುತ್ತೇನೆ. "ಎಲ್ರೂ ಮೂಸೋದು ಕಲೀಲಿ ಸಾರ್. ನನ್ನನ್ನ ಕರೆಯೋ ಅಗತ್ಯವೇ ಬರಬಾರದು. ಮನೇಲಿ ಕೂತಿರ್ತೀನಿ."

ಬಕೆಟ್ಟಿನಿಂದ ಚಾಕು ತೆಗೆದು ಒರೆಸುತ್ತಿದ್ದ ತಂಗಿ ತಲೆ ಎತ್ತದೆ ಹೇಳುತ್ತಾಳೆ: "ನೀನು ಮನೇಲಿ ಕೂತ್ರೆ ನಾನು ಯಾರಿಗೆ ಕುರಿ ಹಿಡೀಲಿ?"